ತಿಳಿನೀರಿಗೆ ಸ್ವಲ್ಪ ಮೊದಲು

ಜನವರಿಯ ಮೊದಲ ವಾರ ಒಂದು ಸೋಮವಾರ ಮಧ್ಯಾಹ್ನ ಮೈಸೂರಿನಿಂದ ಹುಣಸೂರಿನ ಬಸ್ಸು ಹತ್ತಿದೆ. ನಲವತ್ತೈದು ಕಿಲೋಮೀಟರ್ ದಾರಿ. ಕಂಡಕ್ಟರ್ ಆಧಾರ್ ಕಾರ್ಡು ನೋಡಿ ಸೊನ್ನೆ ರೂಪಾಯಿಯ ಟಿಕೆಟ್ ಹರಿದು ಕೊಟ್ಟರು. ಚೀಲದಲ್ಲಿ ಎರಡು ಫ್ಲಾಸ್ಕು, ನೀರಿನ ಉಷ್ಣತೆ ನೋಡುವ ಥರ್ಮಾಮೀಟರು, ಕಂಬಳಿ, ಉಣ್ಣೆಯ ಟೋಪಿ, ಆನ್‌ಲೈನಿನಲ್ಲಿ ತರಿಸಿದ ರಬ್ಬರಿನ ಈಜುಡುಪು ಇದ್ದವು. ಯಾವುದೂ ನನಗಾಗಿ ಅಲ್ಲ. ನನಗೆ ಈಜು ಬರುವುದಿಲ್ಲ.

ಎಲ್ಲವೂ ನನ್ನ ಸೋದರತ್ತೆ ಜಯಮ್ಮನವರಿಗೆ. ಅವರು ಸರ್ಕಾರಿ ಪ್ರೌಢಶಾಲೆಗಳಲ್ಲಿ ದೈಹಿಕ ಶಿಕ್ಷಕಿಯಾಗಿದ್ದವರು. ಹುಣಸೂರು, ಕೆ.ಆರ್. ನಗರ, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಹೀಗೆ ವರ್ಗವಾದ ಕಡೆಯೆಲ್ಲ ಮನೆ ಮಾಡಿ, ಹೋದ ಊರಿನಲ್ಲಿ ಮೊದಲು ಕೆರೆ ಹುಡುಕಿ, ಆಮೇಲೆ ಬಾಡಿಗೆ ಮನೆ ಹುಡುಕಿದವರು. ಹಿಂದಿನ ವರ್ಷ ನಿವೃತ್ತರಾದರು. ಮದುವೆಯಾಗಿಲ್ಲ. ಈಚಿನ ವರ್ಷಗಳಲ್ಲಿ ಗಂಟೆಗಟ್ಟಲೆ ಈಜುವುದು ಅವರಿಗೆ ರೂಢಿಯಾಗಿತ್ತು. ಬರುವ ಬೇಸಿಗೆಯಲ್ಲಿ ಉತ್ತರದ ಗುಡ್ಡಗಾಡಿನ ಒಂದು ಸರೋವರದಲ್ಲಿ ಹತ್ತು ಕಿಲೋಮೀಟರ್ ಈಜಲು ಹೆಸರು ಕೊಟ್ಟಿದ್ದರು. ಬೇಸಿಗೆಯಲ್ಲೂ ಅಲ್ಲಿಯ ನೀರು ನಮ್ಮ ಕಡೆಯ ಚಳಿಗಾಲದ ನೀರಿಗಿಂತ ತಣ್ಣಗಿರುತ್ತದೆ. ಅದಕ್ಕೆ ಮೈ ಒಗ್ಗಿಸಿಕೊಳ್ಳಲು, ತಾವು ಕೆಲಸ ಮಾಡಿದ ನಾಲ್ಕು ತಾಲ್ಲೂಕುಗಳ ನೀರಿನಲ್ಲಿ ಒಂದು ವಾರ ಬೆಳಗಿನ ಜಾವ ಈಜುವುದೆಂದು ಅತ್ತೆ ತೀರ್ಮಾನಿಸಿದರು. ನಾನು ಕಾಲೇಜಿನ ಪ್ರಯೋಗಾಲಯಕ್ಕೆ ರಜೆ ಹಾಕಿ ಜೊತೆಗೆ ಹೊರಟೆ.

ಅಷ್ಟು ದೂರದ ಸರೋವರವೇ ಏಕೆ ಎಂದು ಆ ಸಂಜೆ ಹುಣಸೂರಿನ ಅವರ ಮನೆಯಲ್ಲಿ ಕೇಳಿದೆ. ಅತ್ತೆ ವೀಳ್ಯದೆಲೆಯ ತೊಟ್ಟು ಮುರಿಯುತ್ತ ಕೂತಿದ್ದರು.

"ಅಲ್ಲಿ ನೀರು ತಿಳಿ ಅಂತೆ ಕಣೆ. ತಳದ ಕಲ್ಲು ಕಾಣ್ತದಂತೆ," ಎಂದರು. "ಅರವತ್ತು ವರ್ಸ ಆಯ್ತು, ಈಜೋವಾಗ ನನ್ನ ಕೈಯ ನಾನೇ ನೋಡಿಲ್ಲ. ಮುಂದಕ್ಕೆ ಚಾಚ್ತೀನಿ, ಮೊಣಕೈಯಿಂದಾಚೆ ಬರೀ ರಾಡಿ. ಅಲ್ಲಿರೋದು ನನ್ನ ಕೈಯೋ, ಇನ್ಯಾರ ಕೈಯೋ."

"ಮೈಸೂರಿನ ಈಜುಕೊಳದಲ್ಲಿ ಕಾಣತ್ತಲ್ಲ ಅತ್ತೆ."

"ಅದು ತೊಟ್ಟಿ. ತೊಟ್ಟೀಲಿ ಪಾತ್ರೆ ತೊಳೀಬೌದು."

ನಾನು ನಕ್ಕೆ. ಆದರೆ ಅವರು ತಮಾಷೆಗೆ ಹೇಳಿರಲಿಲ್ಲ. ಎಲೆಗೆ ಸುಣ್ಣ ಸವರಿ ಅಡಿಕೆ ಇಟ್ಟು ಮಡಿಸಿ ಬಾಯಿಗಿಟ್ಟುಕೊಂಡರು. ನೀರಿಗಿಳಿಯುವ ಮೊದಲೂ ಹೀಗೇ. ಎಲೆಯಡಿಕೆಯನ್ನು ಒಂದು ದವಡೆಗೆ ಒತ್ತಿಕೊಂಡೇ ಈಜುತ್ತಾರೆ. ಸುಣ್ಣ ಮೈ ಬೆಚ್ಚಗಿಡುತ್ತದೆ ಎನ್ನುವುದು ಅವರ ನಂಬಿಕೆ. ಗಂಟಲಿಗೆ ಸಿಕ್ಕಿಕೊಂಡರೆ ಕಷ್ಟವೆಂದು ನಾನು ಹೇಳಿದ್ದೆ. ಕೇಳಿರಲಿಲ್ಲ.

ತಣ್ಣೀರಿನ ಬಗ್ಗೆ ನಾನು ಮೂರು ತಿಂಗಳಿಂದ ಓದಿದ್ದೆ. ಇಳಿದ ಮೊದಲ ಕೆಲವು ನಿಮಿಷ ಉಸಿರು ಹಿಡಿತಕ್ಕೆ ಸಿಗುವುದಿಲ್ಲ, ಆಗ ಬಾಯಿಗೆ ನೀರು ನುಗ್ಗುವ ಭಯ. ಆಮೇಲೆ ಕೈಕಾಲಿನ ಶಕ್ತಿ ಕುಂದುತ್ತದೆ. ಇನ್ನೂ ಹೆಚ್ಚು ಹೊತ್ತಾದರೆ ಮಾತು ತೊದಲುತ್ತದೆ, ತಾನು ಎಲ್ಲಿದ್ದೇನೆ ಎನ್ನುವುದು ಮರೆಯುತ್ತದೆ. ದಡಕ್ಕೆ ಬಂದ ಮೇಲೂ ಮುಗಿಯುವುದಿಲ್ಲ. ಮೈಯ ಒಳಗಿನ ಬಿಸಿ ಇನ್ನಷ್ಟು ಇಳಿಯುತ್ತ ಹೋಗಿ, ಈಜಿ ಗೆದ್ದವರು ನೆಲದ ಮೇಲೆ ಕುಸಿದು ಬಿದ್ದದ್ದುಂಟು. ಇದರಲ್ಲಿ ಒಂದೊಂದಕ್ಕೂ ನನ್ನ ಹತ್ತಿರ ಉಪಾಯವಿತ್ತು. ಚಳಿಯಲ್ಲಿ ಬಾಯಾರಿಕೆ ಗೊತ್ತಾಗುವುದಿಲ್ಲವೆಂದು ಈಜುವ ಮೊದಲು ಅತ್ತೆ ಒಂದು ದೊಡ್ಡ ಬಾಟಲಿ ನೀರು ಕುಡಿಯಬೇಕು. ಉಡುಪು ಬಿಗಿಯಾಗಿದ್ದಷ್ಟೂ ಬೆಚ್ಚಗೆಂದು ಓದಿ ಒಂದು ಅಳತೆ ಚಿಕ್ಕದನ್ನೇ ತರಿಸಿದ್ದೆ. ಅರ್ಧ ಗಂಟೆಗೊಮ್ಮೆ ಬಿಸಿ ರಾಗಿ ಅಂಬಲಿ ಕೊಡುವಾಗ ಒಂದು ಪ್ರಶ್ನೆ ಕೇಳಬೇಕು, ಉತ್ತರ ತಪ್ಪಿದರೆ ಈಜು ನಿಲ್ಲಿಸಬೇಕು.

ಉಡುಪನ್ನು ಮೈಗೆ ಏರಿಸಲು ಇಬ್ಬರೂ ಸೇರಿ ಹೆಣಗಿದೆವು. "ಹೊಗೆಸೊಪ್ಪಿನ ಬೇಲ್ ಕಟ್ದಂಗೆ ಕಟ್ಬುಟ್ಯಲ್ಲೇ," ಎಂದರು ಅತ್ತೆ. ಆಮೇಲೆ ಗೋಡೆಯ ಮೊಳೆಗೆ ನೇತು ಹಾಕಿದ್ದ ತಮ್ಮ ಹಳೆಯ ವಿಷಲ್ ತೆಗೆದು ನನ್ನ ಕೊರಳಿಗೆ ಹಾಕಿದರು. "ಇಷ್ಟು ವರ್ಸ ನಾನು ಊದ್ದೇಟ್ಗೆ ಮಕ್ಳು ನಿಂತವ್ರೆ. ಈಗ ನೀನು ಊದು, ನಾನು ನಿಲ್ತೀನಿ. ಯಾಕೆ ಅಂತ ಕೇಳಕ್ಕಿಲ್ಲ. ಆದ್ರೆ ಸುಮ್‌ಸುಮ್ಕೆ ಊದ್ಬ್ಯಾಡ."

ಮಂಗಳವಾರ ಬೆಳಿಗ್ಗೆ ಹುಣಸೂರಿನ ಹೊರಗಿನ ಒಂದು ಕೆರೆಯಲ್ಲಿ ಮೊದಲ ಈಜು. ಮಂಜು ಎಷ್ಟಿತ್ತೆಂದರೆ ಏರಿಯ ಮೇಲೆ ನಡೆಯುತ್ತಿದ್ದ ನನಗೆ ನೀರಿನ ಸದ್ದು ಮಾತ್ರ ಕೇಳುತ್ತಿತ್ತು, ಅತ್ತೆಯ ಕಿತ್ತಳೆ ಟೋಪಿ ಆಗಾಗ ಕಂಡು ಮರೆಯಾಗುತ್ತಿತ್ತು. ಥರ್ಮಾಮೀಟರಿನಲ್ಲಿ ಇಪ್ಪತ್ತೊಂದು ಡಿಗ್ರಿ. ಎಮ್ಮೆ ಹೊಡೆದುಕೊಂಡು ಬಂದ ವಯಸ್ಸಾದವರೊಬ್ಬರು ನಿಂತು ನೋಡಿದರು.

"ಯಾರಾದ್ರೂ ಬಿದ್ದವ್ರಾ ತಾಯಿ?"

"ಇಲ್ಲ. ನಮ್ಮತ್ತೆ ಈಜ್ತಿದಾರೆ."

"ಈ ಚಳೀಲಾ! ಯಾವ ದೇವ್ರಿಗೆ ಹರಕೆ?"

"ಹರಕೆ ಅಲ್ಲ. ಸುಮ್ಮನೆ ಈಜ್ತಿದಾರೆ."

"ಹರಕೆ ಅಂದ್ಕೊಳಕ್ಕೆ ನಾಚ್ಕೆ ಯಾಕವ್ವ," ಎಂದು ಅವರು ಕೆರೆಯ ಕಡೆಗೆ ಒಮ್ಮೆ ಕೈಮುಗಿದು ಎಮ್ಮೆಗಳ ಹಿಂದೆ ಹೋದರು.

ಒಂದೂವರೆ ಗಂಟೆಯ ಮೇಲೆ ಅತ್ತೆ ಹೊರಗೆ ಬಂದರು. ಮಾತು ಸರಿಯಾಗಿತ್ತು, ತುಟಿ ಸ್ವಲ್ಪ ಮಾತ್ರ ನೀಲಿಯಾಗಿತ್ತು. ಕೂತು ಕೆಮ್ಮಿದರು. ಕಲ್ಲಿನ ಮೇಲೆ ಉಗಿದದ್ದು ಕೆಂಪಗಿತ್ತು. ನಾನು ನೋಡಿದ್ದನ್ನು ನೋಡಿ, "ಎಲೆ ರಸ ಕಣೆ, ಗಂಟ್ಲಿಗೆ ಇಳೀತು," ಎಂದರು. ಇದ್ದರೂ ಇರಬಹುದು. ಅವರ ಬಾಯಿ ಯಾವಾಗಲೂ ಕೆಂಪು.

ಅದೇ ದಿನ ಮಧ್ಯಾಹ್ನ ಕೆ.ಆರ್. ನಗರಕ್ಕೆ ಹೋದೆವು. ದಾರಿಯ ಎರಡು ಬದಿಗೂ ಭತ್ತದ ಕೊಯ್ಲು ಮುಗಿದಿತ್ತು. ಬೆಳೆದದ್ದನ್ನು ರಸ್ತೆಯ ಮೇಲೇ ಹರಡಿದ್ದರು, ಬಸ್ಸು ಒಂದು ಬದಿಗೆ ವಾಲಿಕೊಂಡು ಸಾಗಿತು. ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಮುದ್ದೆ, ಅವರೆಕಾಳಿನ ಸಾರು ಊಟ ಮಾಡಿ, ಮೇಲಿನ ಮಹಡಿಯಲ್ಲೇ ಕೋಣೆ ಹಿಡಿದೆವು. ಬುಧವಾರ ಬೆಳಿಗ್ಗೆ ಆಟೋದಲ್ಲಿ ಕನ್ನಂಬಾಡಿ ಹಿನ್ನೀರಿನ ಅಂಚಿನ ಒಂದು ಹಳ್ಳಿಗೆ ಹೋಗಿ, ಮೀನು ಹಿಡಿಯುವವರೊಬ್ಬರ ತೆಪ್ಪ ಗೊತ್ತು ಮಾಡಿದೆವು. ತೆಪ್ಪದಲ್ಲಿ ನಾನು, ಪಕ್ಕದ ನೀರಿನಲ್ಲಿ ಅತ್ತೆ.

ಅತ್ತೆಗೆ ನಾನು ಕೇಳುತ್ತಿದ್ದ ಪ್ರಶ್ನೆ ಒಂದೇ. ತಾವು ಕೆಲಸ ಮಾಡಿದ ಶಾಲೆಗಳ ಹೆಡ್‌ಮಾಸ್ಟರುಗಳ ಹೆಸರನ್ನು ಸಾಲಾಗಿ ಹೇಳಬೇಕು. ಬುದ್ಧಿ ಮಂಕಾದರೆ ಸಾಲು ತಪ್ಪುತ್ತದೆ ಎನ್ನುವುದು ನನ್ನ ಲೆಕ್ಕ. ಅವರು ಅಂಬಲಿ ಕುಡಿಯುತ್ತ ನೀರಿನಲ್ಲೇ ತೇಲಿಕೊಂಡು ಒಂದೊಂದು ಹೆಸರಿನ ಹಿಂದೆಯೂ ಒಂದೊಂದು ಬಿರುದು ಸೇರಿಸಿ ಹೇಳಿದರು. ಒಬ್ಬರು ಸೀಮೆಸುಣ್ಣ ಎಣಿಸಿ ಕೊಡುತ್ತಿದ್ದವರು, ಇನ್ನೊಬ್ಬರು ಖೋಖೋ ಕಂಬ ಕಿತ್ತು ತಮ್ಮ ದನದ ಕೊಟ್ಟಿಗೆಗೆ ಹಾಕಿಸಿಕೊಂಡವರು. ತೆಪ್ಪದವರು ಹುಟ್ಟು ಹಾಕುವುದನ್ನೇ ಮರೆತು ನಕ್ಕರು.

ಎರಡು ಗಂಟೆ ಕಳೆದ ಮೇಲೆ ಅತ್ತೆಯ ವೇಗ ಕಡಿಮೆಯಾಯಿತು. ತಲೆ ಮೇಲೆತ್ತಿದಾಗಲೆಲ್ಲ ಉಸಿರಿನ ಜೊತೆ ಇನ್ನೊಂದು ಸದ್ದು ಬರುತ್ತಿತ್ತು. ಪಾತ್ರೆಯ ತಳದಲ್ಲಿ ಗಂಜಿ ಕುದಿಯುವಂಥ ಸದ್ದು. ಕೆಮ್ಮಿ ಉಗಿದರು. ಮತ್ತೆ ಕೆಂಪು. ನಾನು ವಿಷಲ್ ತುಟಿಗಿಟ್ಟುಕೊಂಡೆ. ಅವರು ಅದನ್ನು ನೋಡಿ ಕೈ ಅಡ್ಡ ಆಡಿಸಿದರು.

"ಎಲೆ ಕಣೆ, ಎಲೆ! ಬಾಯಲ್ಲಿ ಇನ್ನೂ ಐತೆ, ನೋಡು!" ಎಂದು ನಾಲಿಗೆ ಚಾಚಿ ತೋರಿಸಿದರು. ಇತ್ತು.

"ಹೆಡ್‌ಮಾಸ್ಟರ್ ಹೆಸರು ಹೇಳಿ."

ಸಾಲು ತಪ್ಪಲಿಲ್ಲ. ನಾನು ವಿಷಲ್ ಕೆಳಗಿಳಿಸಿದೆ. ಸ್ವಲ್ಪ ದೂರ ಈಜಿ ಅವರೇ ದಡಕ್ಕೆ ತಿರುಗಿದರು.

ಗುರುವಾರ ಬೆಳಿಗ್ಗೆ ನಾನು ಎದ್ದಾಗ ಅತ್ತೆ ಎರಡು ದಿಂಬನ್ನು ಬೆನ್ನಿಗೆ ಕೊಟ್ಟು ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದರು. ಕೇಳಿದಾಗ, "ಈ ಲಾಡ್ಜಿನ ಹಾಸ್ಗೆ ಸರಿ ಇಲ್ಲ, ಮಲಗಿದ್ರೆ ಎದೆ ಹಿಡಿದಂಗಾಯ್ತದೆ," ಎಂದರು. ಹಾಸಿಗೆ ನಿಜಕ್ಕೂ ಸರಿಯಿರಲಿಲ್ಲ. ತಿಂಡಿ ತಿಂದ ಮೇಲೆ ಅವರು ಮಾಮೂಲಿನಂತೆ ಲವಲವಿಕೆಯಿಂದಿದ್ದರು. ನಾವು ಪಿರಿಯಾಪಟ್ಟಣದ ದಾರಿ ಹಿಡಿದೆವು, ಹುಣಸೂರಿನಲ್ಲಿ ಇಳಿದು ಬಸ್ಸು ಬದಲಿಸಿ.

ಪಿರಿಯಾಪಟ್ಟಣದಲ್ಲಿ ತಂಬಾಕು ಹರಾಜಿನ ದಿನಗಳು. ಗೋಣಿ ಸುತ್ತಿದ ಬೇಲುಗಳನ್ನು ಹೇರಿಕೊಂಡ ಟ್ರ್ಯಾಕ್ಟರುಗಳು ಮಾರುಕಟ್ಟೆಯ ಮುಂದೆ ಸಾಲುಗಟ್ಟಿದ್ದವು. ಊರಿಗೆ ಊರೇ ಸಿಹಿಯೆನ್ನಬಹುದಾದ ಒಂದು ಒಣ ವಾಸನೆಯಲ್ಲಿತ್ತು. ಆ ಸಾಲಿನಿಂದ ಒಬ್ಬರು ಟ್ರ್ಯಾಕ್ಟರ್ ಬಿಟ್ಟು ಓಡಿ ಬಂದರು. ಮಾದೇವ, ಅತ್ತೆಯ ಹಳೆಯ ವಿದ್ಯಾರ್ಥಿ. ಈಗ ತಲೆ ನರೆತಿದೆ.

"ಮೇಡಮ್ಮೋರೆ! ಇನ್ನೂ ಹಂಗೇ ಇದ್ದೀರಲ್ಲ!"

"ನೀನು ಮಾತ್ರ ಹೊಟ್ಟೆ ಬಿಟ್ಟಿದ್ದೀಯ. ಗ್ರೌಂಡ್ ಸುತ್ತ ಹತ್ತು ರೌಂಡ್ ಓಡ್ಸ್ಬೇಕು ನಿನ್ನ."

"ಓಡ್ತೀನಿ, ಮೊದ್ಲು ಮನೇಗ್ ಬನ್ನಿ."

ಆ ರಾತ್ರಿ ಅವರ ಮನೆಯಲ್ಲೇ ಉಳಿದೆವು. ಅಕ್ಕಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಹಾಕಿದರು. ಮರುದಿನ ಬೆಳಿಗ್ಗೆ ಕಾವೇರಿಯಲ್ಲಿ ಈಜುವ ವಿಷಯ ಕೇಳಿ ಮಾದೇವ ಗಾಬರಿಯಾದರು. ಅವರ ಮನೆಯ ಹಿಂದೆ ಸೊಪ್ಪು ಹದ ಮಾಡುವ ಬ್ಯಾರನ್ ಇತ್ತು, ಕಿಟಕಿಯಿಲ್ಲದ ಎತ್ತರದ ಕೋಣೆ. ಕೆಲಸ ಮುಗಿದು ಅದು ತಣ್ಣಗಾಗಿತ್ತು.

"ಒಂದ್ ಕೆಲಸ ಮಾಡನ. ಬೆಳಿಗ್ಗೆ ನಾನು ಬ್ಯಾರನ್‌ಗೆ ಉರಿ ಹಾಕ್ಸಿರ್ತೀನಿ. ನೀರಿಂದ ಎತ್ಕೊಂಡು ಬಂದು ಸೀದಾ ಒಳಕ್ಕೆ ಕೂರ್ಸ್ಬುಡದು. ಒಂದೇ ಗಳಿಗೆ, ಚಳಿ ಓಡೋಯ್ತದೆ."

"ಹದ ಬಂದಾಗ ಹೊರಕ್ಕೆ ತೆಗೀತೀಯಾ, ಇಲ್ಲ ಗ್ರೇಡ್ ಮಾಡಿ ಹರಾಜಿಗೆ ಹಾಕ್ತೀಯಾ?" ಎಂದರು ಅತ್ತೆ.

"ನಿಮ್ಗೆ ಟಾಪ್ ಗ್ರೇಡೇ ಸಿಕ್ಕೋದು ಬುಡಿ ಮೇಡಮ್ಮೋರೆ."

ನಾನು ನಡುವೆ ಬಾಯಿ ಹಾಕಿ, ತಣ್ಣಗಾದ ಮೈಯನ್ನು ಒಮ್ಮೆಲೇ ಬಿಸಿ ಮಾಡಬಾರದು, ಉಜ್ಜಲೂಬಾರದು, ರಕ್ತದ ಒತ್ತಡ ದಿಢೀರನೆ ಇಳಿದು ಎಚ್ಚರ ತಪ್ಪಬಹುದು, ಒದ್ದೆ ಬಟ್ಟೆ ತೆಗೆದು ಕಂಬಳಿ ಹೊದಿಸಿ ನಿಧಾನಕ್ಕೆ ಬಿಡಬೇಕು ಎಂದು ವಿವರಿಸಿದೆ. ಮಾದೇವ ಗೌರವದಿಂದ ಕೇಳಿಸಿಕೊಂಡರು. ನನಗೆ ಎಲ್ಲವೂ ಗೊತ್ತಿದೆ ಎಂದು ಅವರಿಗೆ ಅನ್ನಿಸಿರಬೇಕು. ಆ ಹೊತ್ತಿಗೆ ನನಗೂ ಹಾಗೇ ಅನ್ನಿಸಿತ್ತು.

ಶುಕ್ರವಾರ ಅವರ ಕಾರಿನಲ್ಲೇ ಕೊಡಗಿನ ಗಡಿಯ ಹತ್ತಿರ ನದಿಗೆ ಹೋದೆವು. ವಾರದ ಅತಿ ತಣ್ಣನೆಯ ನೀರು ಅದೇ, ಹತ್ತೊಂಬತ್ತು ಡಿಗ್ರಿ. ಮುಕ್ಕಾಲು ಗಂಟೆಗಿಂತ ಹೆಚ್ಚು ಬೇಡವೆಂದು ಮೊದಲೇ ಮಾತಾಗಿತ್ತು, ಅಷ್ಟಕ್ಕೇ ಬಂದರು. ಕೆಮ್ಮು ಅಷ್ಟಿರಲಿಲ್ಲ. ನಡುಗುತ್ತಿದ್ದವರನ್ನು ಕಂಬಳಿಯಲ್ಲಿ ಸುತ್ತಿ ಬೈಲಕುಪ್ಪೆಗೆ ಕರೆದುಕೊಂಡು ಹೋದೆವು. ಅಲ್ಲೊಂದು ಚಿಕ್ಕ ಹೋಟೆಲಿನಲ್ಲಿ ಬಿಸಿ ತುಕ್ಪಾ ತರಿಸಿದೆ, ಶ್ಯಾವಿಗೆಯಂಥ ಎಳೆಗಳಿರುವ ಸಾರು. ಹೋಟೆಲಿನ ಟಿಬೆಟನ್ ಹೆಂಗಸು ಅತ್ತೆಯ ಒದ್ದೆ ಕೂದಲು ನೋಡಿ ಕನ್ನಡದಲ್ಲೇ ವಿಚಾರಿಸಿದರು.

"ಚಳಿಗೆ ಓಡಿ ಬಂದೋರು ನಾವು. ನೀವು ಚಳಿ ಹುಡುಕ್ಕೊಂಡು ಹೋಗ್ತೀರಾ ಮೇಡಂ?" ಎಂದು ನಕ್ಕು ಇನ್ನೊಂದು ಸೌಟು ಸಾರು ಬಡಿಸಿದರು.

ಆ ಸರೋವರವಿರುವ ಕಡೆಗೆ ಅವರು ವರ್ಷಕ್ಕೊಮ್ಮೆ ನೆಂಟರನ್ನು ನೋಡಲು ಹೋಗುತ್ತಿದ್ದರು. ಅತ್ತೆ ಕೇಳಿದ ಮೊದಲ ಪ್ರಶ್ನೆ, ಅಲ್ಲಿ ವೀಳ್ಯದೆಲೆ ಸಿಗುತ್ತದೆಯೇ ಎಂದು.

"ಒಳ್ಳೇದು ಸಿಗಲ್ಲ. ಇಲ್ಲಿಂದ ತಗೊಂಡೋದ್ರೆ ಎರಡೇ ದಿನಕ್ಕೆ ಕಪ್ಪಾಗತ್ತೆ."

ಅತ್ತೆ ಯೋಚಿಸುತ್ತ ಕೂತರು. ಆಮೇಲೆ ಸೊಂಟದ ಎಲೆಚೀಲ ಬಿಚ್ಚಿ ಮಾದೇವನ ಕೈಗಿಟ್ಟರು. "ತಗೊಳಪ್ಪ. ಇವತ್ತಿಂದ ಬುಟ್ಟೆ. ಅಲ್ಲೋಗಿ ಇದಿಲ್ದೆ ಪರದಾಡೋ ಬದ್ಲು ಇಲ್ಲೇ ಅಭ್ಯಾಸ ಆಗ್ಲಿ."

"ನೀರು ಎಷ್ಟು ತಿಳಿ ಇರತ್ತೆ?" ಎಂದು ನಾನು ಹೋಟೆಲಿನವರನ್ನು ಕೇಳಿದೆ.

ಅವರು ಮಾತಿಗೆ ಬದಲು ಟೇಬಲ್ಲಿನ ಮೇಲಿದ್ದ ಗಾಜಿನ ಲೋಟ ಎತ್ತಿ ಹಿಡಿದು ತೋರಿಸಿದರು. ಅತ್ತೆ ಆ ಲೋಟವನ್ನು ಕೈಗೆ ತೆಗೆದುಕೊಂಡು ಅದರ ಮೂಲಕ ಆಚೆ ಬದಿಯ ತಮ್ಮ ಬೆರಳುಗಳನ್ನು ನೋಡಿದರು.

ಶನಿವಾರ ಹುಣಸೂರಿನ ಮೇಲೆ ಹಾದು ಎಚ್.ಡಿ. ಕೋಟೆ ಸೇರಿದೆವು. ದಾರಿಯಲ್ಲಿ ಹತ್ತಿಯೂ ಶುಂಠಿಯೂ ತುಂಬಿದ ಲಾರಿಗಳು. ಸರಗೂರಿನ ಕಡೆಗೆ ಹೋಗುವ ಬಸ್ಸುಗಳ ಗಲಾಟೆಯ ನಡುವೆ ಅತ್ತೆಯ ಹಳೆಯ ಪರಿಚಯದ ನಿಂಗರಾಜು ನಮಗಾಗಿ ಕಾಯುತ್ತಿದ್ದರು. ಅವರ ಊರಿನ ಹಿನ್ನೀರಿನಲ್ಲಿ ಮೀನಿನ ಗುತ್ತಿಗೆ ಅವರದು. ಊರಿನ ಹೆಸರು ಇಲ್ಲಿ ಬರೆಯುವುದಿಲ್ಲ, ನಾಳೆ ಇನ್ಯಾರೋ ಈಜಲು ಹೋಗುವುದು ಬೇಡ. ಊರಿನವರಿಗೆ ತಿಳಿಸಿ, ಕಾಡಿನ ಕಡೆಯ ನೀರಿಗೆ ಹೋಗುವುದಿಲ್ಲವೆಂದು ಒಪ್ಪಿಕೊಂಡು, ಭಾನುವಾರ ಬೆಳಿಗ್ಗೆ ನಾಲ್ಕು ಗಂಟೆ ಹೊತ್ತಿನ ಈಜೆಂದು ನಿಶ್ಚಯವಾಯಿತು. ವಾರದ ಕೊನೆಯ ಈಜು, ಎಲ್ಲಕ್ಕಿಂತ ದೊಡ್ಡದು.

"ಆ ದಡದಲ್ಲಿ ಒಂದ್ ಹಾಸುಬಂಡೆ ಐತೆ ಮೇಡಮ್ಮೋರೆ," ಎಂದು ನಿಂಗರಾಜು ಸಂಜೆಯ ಬೆಳಕಿನಲ್ಲಿ ಕೈ ತೋರಿದರು. "ಅಲ್ಲಿ ಮಣ್ಣಿಲ್ಲ, ಗಿಡ ಇಲ್ಲ. ಈ ದಿನದಲ್ಲಿ ನೀರು ಎಷ್ಟು ತಿಳಿ ಅಂದ್ರೆ ಒಂದ್ ರೂಪಾಯ್ ಬಿದ್ರೂ ಹೆಕ್ಕೊಬೌದು."

"ನಿಜ್ವಾಗ್ಲೂನಾ?"

"ಸುಳ್ಳೇಳಿದ್ರೆ ನಿಮ್ ವಿಷಲ್ ಊದ್ಬುಡಿ."

ನಾನು ಈ ಕಡೆಯ ದಡದ ಗುಂಟ ಈಜುವ ದಾರಿ ಯೋಚಿಸಿದ್ದೆ. ಅತ್ತೆ ಅದನ್ನು ಬದಲಿಸಿದರು. ಹಾಸುಬಂಡೆಯವರೆಗೆ ಹೋಗಿ ತಿರುಗಿ ಬರುವುದು. ಸರೋವರದವರೆಗೆ ಕಾಯುವುದಾದರೂ ಏಕೆ ಎಂದರು.

ಭಾನುವಾರ ಮಂಜು ಕಡಿಮೆಯಿತ್ತು. ಇಪ್ಪತ್ತು ಡಿಗ್ರಿ. ನಾನು ಕೊಟ್ಟ ಬಾಟಲಿ ನೀರನ್ನು ಅತ್ತೆ ಪೂರ್ತಿ ಕುಡಿದರು, ಉಡುಪಿನ ಜಿಪ್ಪನ್ನು ನಾನೇ ಎಳೆದು ಹಾಕಿದೆ. ಎಲೆಯಿಲ್ಲದ ಬಾಯಿಯನ್ನು ಅವರು ಆಗಾಗ ಸುಮ್ಮನೆ ಅಲ್ಲಾಡಿಸುತ್ತಿದ್ದರು. ನಿಂಗರಾಜು ಹುಟ್ಟು ಹಾಕುವ ತೆಪ್ಪದಲ್ಲಿ ನಾನು ಪಕ್ಕದಲ್ಲೇ ಸಾಗಿದೆ. ಮೊದಲ ಒಂದು ಗಂಟೆ ಅತ್ತೆ ಚೆನ್ನಾಗಿ ಈಜಿದರು. ಸೂರ್ಯ ಬಂದ ಮೇಲೆ ನೀರು ಹೊಳೆಯತೊಡಗಿತು, ದೂರದಲ್ಲಿ ಹಾಸುಬಂಡೆ ಒದ್ದೆ ಬೂದಿಯ ಬಣ್ಣದಲ್ಲಿ ಕಂಡಿತು. ಎರಡನೆಯ ಸಲ ಅಂಬಲಿ ಕೊಟ್ಟಾಗ ಅರ್ಧ ಕುಡಿದು ವಾಪಸು ಕೊಟ್ಟರು. ಮೂರನೆಯ ಸಲ ಬೇಡವೆಂದರು.

ಬಂಡೆ ಇನ್ನು ಹತ್ತಿರವೇ ಎನ್ನುವಾಗ ಅತ್ತೆ ಈಜು ನಿಲ್ಲಿಸಿ ಕಾಲು ಬಡಿಯುತ್ತ ನೇರವಾಗಿ ನಿಂತರು. ಕೆಮ್ಮು ಶುರುವಾಯಿತು. ಕೆ.ಆರ್. ನಗರದಲ್ಲಿ ಕೇಳಿದ ಅದೇ ಗಂಜಿಯ ಸದ್ದು, ಈಗ ತೆಪ್ಪದವರೆಗೂ ಕೇಳುವಷ್ಟು ಜೋರಾಗಿ.

"ಅತ್ತೆ, ಹೆಡ್‌ಮಾಸ್ಟರ್‌ಗಳು."

ಹೇಳಿದರು. ಒಂದು ಹೆಸರು, ಒಂದು ಉಸಿರು, ಇನ್ನೊಂದು ಹೆಸರು. ಬಿರುದುಗಳನ್ನು ಬಿಟ್ಟರು. ಸಾಲು ಮಾತ್ರ ತಪ್ಪಲಿಲ್ಲ. ಬುದ್ಧಿ ಸರಿಯಿದೆ, ಚಳಿ ತಲೆಗೇರಿಲ್ಲ ಎಂದು ನಾನು ಸಮಾಧಾನಪಟ್ಟುಕೊಳ್ಳುತ್ತಿದ್ದೆ. ಆಗ ಅವರು ತೆಪ್ಪದ ಪಕ್ಕದಲ್ಲೇ ಉಗಿದರು. ಅದು ಮುಳುಗಲಿಲ್ಲ, ತೇಲಿತು. ಬೀಟ್‌ರೂಟ್ ತೊಳೆದ ನೀರಿನ ಮೇಲೆ ನಿಲ್ಲುವಂಥ ತಿಳಿಗೆಂಪು ನೊರೆ.

ನಿಂಗರಾಜು ಅದನ್ನೇ ನೋಡುತ್ತಿದ್ದರು. "ಮೇಡಮ್ಮೋರು ಎಲೆ ಹಾಕವ್ರಾ?" ಎಂದರು.

"ಇಲ್ಲ, ಬಿಟ್ಟು ಎರಡು ದಿನ ಆಯ್ತು," ಎಂದೆ. ಹೇಳಿ ಮುಗಿಯುವಾಗ ನನಗೆ ಅರ್ಥವಾಯಿತು.

ವಿಷಲ್ ಊದಿದೆ. ಸದ್ದು ನೀರಿನ ಮೇಲೆ ಹೋಗಿ ಹಾಸುಬಂಡೆಗೆ ತಾಗಿ ವಾಪಸು ಬಂತು. ಮತ್ತೆ ಮುಂದಕ್ಕೆ ಚಾಚಿದ್ದ ಅತ್ತೆಯ ಕೈ ಅಲ್ಲೇ ನಿಂತಿತು. ಅವರು ಬಂಡೆಯ ಕಡೆಗೆ ನೋಡಿದರು, ಆಮೇಲೆ ನನ್ನ ಕಡೆಗೆ.

"ಇಲ್ಲೇ ಐತಲ್ಲೇ," ಎಂದರು.

"ಮೇಲೆ ಬನ್ನಿ ಅತ್ತೆ."

ಯಾಕೆ ಎಂದು ಕೇಳಲಿಲ್ಲ. ತೆಪ್ಪದ ಅಂಚಿಗೆ ಬಂದು ಕೈ ಕೊಟ್ಟರು.

ನಿಂಗರಾಜು ಆಚೆ ಅಂಚಿನಲ್ಲಿ ಭಾರ ಹಾಕಿ ಕೂತು ಒಂದು ಕೈ ಚಾಚಿದರು, ಇಬ್ಬರೂ ಸೇರಿ ಎಳೆದುಕೊಂಡೆವು. ಉಡುಪಿನ ಜಿಪ್ಪು ಬಿಚ್ಚಿದ ತಕ್ಷಣ ಅತ್ತೆ ದೀರ್ಘವಾಗಿ ಒಮ್ಮೆ ಉಸಿರೆಳೆದರು, ಅದು ಪೂರ್ತಿ ಒಳಗೆ ಹೋಗಲಿಲ್ಲ. ಮಲಗಲು ನೋಡಿದರು, ಮಲಗಿದರೆ ಇನ್ನೂ ಕಷ್ಟವಾಯಿತು. ನನ್ನ ಮೊಣಕಾಲಿಗೆ ಅವರ ಬೆನ್ನು ಆನಿಸಿ ಕೂರಿಸಿ ಕಂಬಳಿ ಹೊದಿಸಿದೆ. ಹಾಸುಬಂಡೆಯ ಕಡೆಗೆ ರಸ್ತೆಯಿಲ್ಲ. ಬಂದ ದಾರಿಯಷ್ಟೂ ಹುಟ್ಟು ಹಾಕಿಯೇ ವಾಪಸು ಹೋಗಬೇಕಾಗಿತ್ತು. ಅಷ್ಟು ಹೊತ್ತೂ ಅತ್ತೆ ಬಂಡೆಗೆ ಮುಖ ಮಾಡಿ ಕೂತಿದ್ದರು, ಏಕೆಂದರೆ ನಾನು ಕೂರಿಸಿದ್ದು ಹಾಗೆ.

ದಡದಲ್ಲಿ ಊರಿನ ಹೆಂಗಸರು ಬೆಂಕಿ ಹಾಕಿ ಹಂಡೆಯಲ್ಲಿ ನೀರು ಕಾಯಿಸಿದ್ದರು. "ಎರಡು ಚೆಂಬು ಬಿಸ್ನೀರು ಉಯ್ಯನ, ಸರೋಯ್ತರೆ," ಎಂದರು. ಬೇಡವೆಂದೆ. ಮೀನಿನ ಪೆಟ್ಟಿಗೆ ಸಾಗಿಸುವ ಗೂಡ್ಸ್ ಆಟೋದಲ್ಲಿ ಪೆಟ್ಟಿಗೆಗಳನ್ನು ಇಳಿಸಿ ಅತ್ತೆಯನ್ನು ಕೂರಿಸಿದೆವು. ಆಸ್ಪತ್ರೆ ಸೇರುವವರೆಗೂ ಅವರು ನನ್ನ ಕೈ ಹಿಡಿದಿದ್ದರು.

ಆಸ್ಪತ್ರೆಯಲ್ಲಿದ್ದ ವೈದ್ಯೆ ನನ್ನ ವಯಸ್ಸಿನವರೇ. ಆಮ್ಲಜನಕ ಹಾಕಿ, ಇಂಜೆಕ್ಷನ್ ಕೊಟ್ಟು, ಎದೆಯ ಎಕ್ಸ್-ರೇ ತೆಗೆಸಿದರು. ಬಿಪಿ ತುಂಬ ಹೆಚ್ಚಿತ್ತು. ಮಾತ್ರೆ ಬರೆದುಕೊಟ್ಟು ಎರಡು ವರ್ಷವಾಗಿತ್ತಂತೆ, ಅತ್ತೆ ನೆನಪಾದಾಗ ತೆಗೆದುಕೊಳ್ಳುತ್ತಿದ್ದರು. ನನಗೆ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಮಧ್ಯಾಹ್ನ ವೈದ್ಯೆ ನನ್ನನ್ನು ಹೊರಗೆ ಕರೆದು ವಿವರಿಸಿದರು. ತಣ್ಣೀರಿನಲ್ಲಿ ಕೈಕಾಲಿನ ರಕ್ತನಾಳಗಳು ಮುದುಡಿಕೊಳ್ಳುತ್ತವೆ. ಅಲ್ಲಿಯ ರಕ್ತವೆಲ್ಲ ಎದೆಗೆ ಬರುತ್ತದೆ. ಶ್ವಾಸಕೋಶದ ಸಣ್ಣ ನಾಳಗಳು ಒತ್ತಡ ತಡೆಯದೆ ಒಸರುತ್ತವೆ, ಗಾಳಿ ಇರಬೇಕಾದ ಕಡೆ ನೀರು ತುಂಬುತ್ತದೆ. ಹೊರಗಿನ ನೀರು ಕುಡಿಯದೆಯೇ ಒಳಗಿನ ನೀರಿನಲ್ಲಿ ಮುಳುಗಿದಂತೆ.

"ಬಿಗಿ ಬಟ್ಟೆ ಹಾಕಿದ್ರಾ?"

"ಹೌದು."

"ಮೊದಲು ಜಾಸ್ತಿ ನೀರು ಕುಡಿದಿದ್ರಾ?"

"ಕುಡಿಸಿದ್ದೆ."

ಅವರು ಅದನ್ನು ಚೀಟಿಯಲ್ಲಿ ಬರೆದುಕೊಂಡರು. "ಎರಡೂ ಇದನ್ನ ಜಾಸ್ತಿ ಮಾಡತ್ತೆ. ನಿಮಗೆ ಗೊತ್ತಿರೋಕೆ ಸಾಧ್ಯ ಇಲ್ಲ ಬಿಡಿ. ಇದಕ್ಕೆ ಮುಂಚೆ ಕೆಮ್ಮಲ್ಲಿ ಕೆಂಪು ಕಂಡಿತ್ತಾ?"

ಹುಣಸೂರಿನ ಕಲ್ಲು, ಕೆ.ಆರ್. ನಗರದ ಹಿನ್ನೀರು, ಕೂತು ನಿದ್ದೆ ಮಾಡಿದ್ದು, ಎಲ್ಲವನ್ನೂ ಹೇಳಿದೆ. ಎಲೆಯಡಿಕೆಯ ವಿಷಯವನ್ನೂ ಹೇಳಿದೆ. ಅವರು ತಲೆಯಾಡಿಸಿದರು. ಅವರ ಅಜ್ಜಿಯೂ ಎಲೆ ಹಾಕುತ್ತಿದ್ದರಂತೆ, ಒಸಡಿನಲ್ಲಿ ರಕ್ತ ಬಂದರೂ ಮನೆಯಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲವಂತೆ.

ನಾವು ಒಳಗೆ ಬಂದಾಗ ಅತ್ತೆ ಎದ್ದು ಕೂತಿದ್ದರು. ಮುಖದಲ್ಲಿ ಬಣ್ಣ ಬಂದಿತ್ತು. "ಡಾಕ್ಟ್ರೆ, ಬೇಸಿಗೆಗೆ ಇನ್ನೂ ನಾಕು ತಿಂಗ್ಳಿದೆ," ಎಂದರು.

"ಎರಡು ದಿನದಲ್ಲಿ ಎದೆ ತಿಳಿಯಾಗತ್ತೆ ಅಮ್ಮ. ಆಮೇಲೆ ಮೈಸೂರಲ್ಲಿ ಹೃದಯದ ಪರೀಕ್ಷೆ ಮಾಡಿಸಿ. ಬೆಚ್ಚಗಿರೋ ನೀರಲ್ಲಿ, ದಡದ ಹತ್ತಿರ, ಸ್ವಲ್ಪ ಹೊತ್ತು ಈಜಬಹುದೇನೋ, ಅದನ್ನ ಅವರು ಹೇಳ್ತಾರೆ. ತಣ್ಣೀರಲ್ಲಿ ದೂರ ಹೋಗೋದು ಬೇಡ. ಒಂದು ಸಲ ಬಂದವರಿಗೆ ಇದು ಮತ್ತೆ ಬರಬಹುದು."

"ಬಿಪಿ ಮಾತ್ರೆ ತಪ್ಪಿಸದೆ ತಗೊಂಡ್ರೆ?"

"ಆಗಲೂ ಆ ಸರೋವರಕ್ಕೆ ನಾನು ಹೂಂ ಅನ್ನಲ್ಲ."

ಅತ್ತೆ ನನ್ನ ಕಡೆಗೆ ತಿರುಗಲಿಲ್ಲ. ಹೊದಿಕೆಯ ಅಂಚನ್ನು ಸಮನಾಗಿ ಮಡಿಸಿ, "ಆಯ್ತು," ಎಂದರು. ಗ್ರೌಂಡಿನಲ್ಲಿ ಸೋತ ತಂಡದ ನಾಯಕಿ ಕೈ ಕುಲುಕಲು ಬರುವಾಗ ಹೇಳುವಂತೆ.

ಮಂಗಳವಾರ ಬಿಡುಗಡೆಯಾಯಿತು. ನಿಂಗರಾಜು ಬಸ್ ನಿಲ್ದಾಣಕ್ಕೆ ಬಂದು ಕಿಟಕಿಯಲ್ಲಿ ಒಂದು ಪೊಟ್ಟಣ ಕೊಟ್ಟರು. ಚಿಗುರೆಲೆ, ಅಡಿಕೆ, ಸುಣ್ಣ. "ಹಾಸುಬಂಡೆ ಎಲ್ಗೂ ಹೋಗಕ್ಕಿಲ್ಲ ಮೇಡಮ್ಮೋರೆ," ಎಂದರು. "ಬ್ಯಾಸ್ಗೇಲಿ ಬನ್ನಿ, ತೆಪ್ಪದಲ್ಲೇ ಕರ್ಕೊಂಡೋಗಿ ತೋರಿಸ್ತೀನಿ."

"ಬ್ಯಾಸ್ಗೇಲಿ ಅಲ್ಲಿ ನೀರೆಲ್ಲಿರ್ತದೋ," ಎಂದು ಅತ್ತೆ ನಕ್ಕರು.

ಹುಣಸೂರಿಗೆ ಒಂದು ಗಂಟೆಗಿಂತ ಹೆಚ್ಚಿನ ಪ್ರಯಾಣ. ಪೊಟ್ಟಣ ಅವರ ಮಡಿಲಲ್ಲೇ ಇತ್ತು, ಬಿಚ್ಚಲಿಲ್ಲ. ಚೀಲದಲ್ಲಿ ರಬ್ಬರಿನ ಉಡುಪು ಒಣಗಿ ಗಡುಸಾಗಿತ್ತು, ಬಸ್ಸು ಹಾರಿದಾಗಲೆಲ್ಲ ನನ್ನ ಕಾಲಿಗೆ ಒತ್ತುತ್ತಿತ್ತು. ಹುಣಸೂರಿನ ಸೇತುವೆಯ ಮೇಲೆ ಕಬ್ಬಿನ ಟ್ರ್ಯಾಕ್ಟರ್ ಒಂದು ಕೆಟ್ಟು ನಿಂತು, ನಮ್ಮ ಬಸ್ಸೂ ನಿಂತಿತು. ಕೆಳಗೆ ಲಕ್ಷ್ಮಣತೀರ್ಥ. ಅಲ್ಲಲ್ಲಿ ಹಸಿರು ಕಟ್ಟಿದ, ತಳವೇ ಕಾಣದ ನೀರು. ಅತ್ತೆ ಚಿಕ್ಕವರಿದ್ದಾಗ ಈಜು ಕಲಿತದ್ದು ಈ ನದಿಯಲ್ಲಿ.

ಎರಡು ದಿನದಿಂದ ಕೇಳದೇ ಇದ್ದದ್ದನ್ನು ಕೇಳಿದೆ. "ಅತ್ತೆ, ನಾನು ವಿಷಲ್ ಊದಿದಾಗ ನೀರು ಎಷ್ಟು ತಿಳಿ ಇತ್ತು?"

ಅವರು ಬಲಗೈ ಮುಂದಕ್ಕೆ ಚಾಚಿ ಎದುರಿನ ಸೀಟಿನ ಕಂಬಿಯ ಮೇಲಿಟ್ಟರು. ಎಡಗೈಯ ಬೆರಳಿನಿಂದ ಮಣಿಕಟ್ಟನ್ನು ಮುಟ್ಟಿ ತೋರಿಸಿದರು.

"ಇಲ್ಲೀಗಂಟ ಕಾಣ್ತು ಕಣೆ," ಎಂದರು. "ಬೆರಳು ಕಾಣ್ಲಿಲ್ಲ."

ಮುಂದಿನ ಟ್ರ್ಯಾಕ್ಟರನ್ನು ಜನ ಪಕ್ಕಕ್ಕೆ ತಳ್ಳಿದರು. ಕಂಡಕ್ಟರ್ ವಿಷಲ್ ಊದಿದರು. ಅತ್ತೆ ಬೆಚ್ಚಿ ಕೈ ಹಿಂದಕ್ಕೆ ತೆಗೆದುಕೊಂಡರು, ಬಸ್ಸು ಹೊರಟಿತು.